500 ಅಲ್ಲ, 330: ನನ್ನ ಕ್ಯಾಲೊರಿ ಲೆಕ್ಕ ನಾನೇ ಹಾಕಿಕೊಂಡ ಬಗೆ

ತೂಕ ಇಳಿಸಬೇಕು ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಸಂಖ್ಯೆ: ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿನ್ನಿ, ವಾರಕ್ಕೆ ಅರ್ಧ ಕೆಜಿ ಇಳಿಯುತ್ತದೆ. ಒಂದು ಕೆಜಿ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಬೇಕು ಎಂಬ ಅಂದಾಜಿನಿಂದ ಬಂದ ಲೆಕ್ಕ ಇದು. ಆದರೆ 500 ಎಲ್ಲರಿಗೂ ಒಂದೇ ಭಾರವಲ್ಲ. ದಿನಕ್ಕೆ 2,800 ಕ್ಯಾಲೊರಿ ಖರ್ಚಾಗುವ ದೊಡ್ಡ ಮೈಕಟ್ಟಿನವರಿಗೆ ಅದು ಶೇ. 18ರಷ್ಟು. ದಿನವಿಡೀ ಕೂತು ಕೆಲಸ ಮಾಡುವ ನನ್ನಂಥವಳಿಗೆ ಅದು ಊಟದ ಕಾಲು ಭಾಗಕ್ಕಿಂತ ಜಾಸ್ತಿ.

ಅದಕ್ಕೇ ಎಷ್ಟು ಕೆಜಿ ಇಳಿಸಬೇಕು ಎಂಬಲ್ಲಿಂದ ನಾನು ಲೆಕ್ಕ ಶುರು ಮಾಡಲಿಲ್ಲ. ಎಷ್ಟು ತಿಂದರೆ ತೂಕ ಇದ್ದಲ್ಲೇ ನಿಲ್ಲುತ್ತದೆ? ಮೊದಲು ಅದನ್ನು ಹುಡುಕಿದೆ. ಇದಕ್ಕೆ ಮೇಂಟೆನೆನ್ಸ್ ಅನ್ನುತ್ತಾರೆ. ಈ ಸಂಖ್ಯೆ ಕೈಗೆ ಸಿಗದೆ ಡೆಫಿಸಿಟ್ (ಅದಕ್ಕಿಂತ ಎಷ್ಟು ಕಡಿಮೆ ತಿನ್ನಬೇಕು ಅನ್ನುವುದು) ಬಗ್ಗೆ ಮಾತಾಡುವುದರಲ್ಲಿ ಅರ್ಥವಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಸೂತ್ರಗಳಿವೆ. ಹೆಚ್ಚಾಗಿ ಬಳಕೆಯಲ್ಲಿರುವುದು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ. ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ಅದರಿಂದ ವಯಸ್ಸಿನ ಐದು ಪಟ್ಟನ್ನು ಕಳೆಯಬೇಕು. ಕೊನೆಗೆ ಹೆಂಗಸರು 161 ಕಳೆಯಬೇಕು, ಗಂಡಸರು 5 ಸೇರಿಸಬೇಕು. ಆಗ ನನ್ನ ತೂಕ 74 ಕೆಜಿ, ಎತ್ತರ 160 ಸೆಂ.ಮೀ., ವಯಸ್ಸು 38. ಬಂದ ಉತ್ತರ 1,389. ಸುಮ್ನೆ ಮಲಗಿದ್ದರೂ ದೇಹ ಖರ್ಚು ಮಾಡುವ ಶಕ್ತಿ ಇದು. ಇದನ್ನು ನಮ್ಮ ಓಡಾಟಕ್ಕೆ ತಕ್ಕ ಹಾಗೆ ಗುಣಿಸಬೇಕು. ಓಡಾಟ ತೀರಾ ಕಡಿಮೆ ಇದ್ದರೆ 1.2, ಸ್ವಲ್ಪ ಇದ್ದರೆ 1.375. ಒಂದರಲ್ಲಿ 1,667 ಬಂತು, ಇನ್ನೊಂದರಲ್ಲಿ 1,910. ನಡುವಿನ ಅಂತರವೇ 240ಕ್ಕಿಂತ ಹೆಚ್ಚು! ನಾನು ಕೊನೆಗೆ ಕಡಿಮೆ ಮಾಡಿದ 330ರ ಹೆಚ್ಚುಕಡಿಮೆ ಮುಕ್ಕಾಲು ಭಾಗ ಅದು. ಇನ್ನು ಸೂತ್ರವನ್ನೇ ನಂಬಿ ಕೂರುವಂತಿರಲಿಲ್ಲ, ಅಳೆದೇ ನೋಡಬೇಕಿತ್ತು.

ಕೆಲವು ವಾರ ಊಟದಲ್ಲಿ ಏನೂ ಬದಲಾಯಿಸಲಿಲ್ಲ. ಎಂದಿನಂತೆ ತಿಂದೆ, ತಿಂದದ್ದನ್ನೆಲ್ಲ ತೂಗಿ ಬರೆದೆ. ಬೆಳಗ್ಗೆ ಎದ್ದು, ಶೌಚ ಮುಗಿಸಿ, ನೀರೂ ಕುಡಿಯದೆ ತೂಕ ನೋಡಿಕೊಂಡೆ. ಈ ಹಂತದಲ್ಲಿ ಬರೆಯುವುದಷ್ಟೇ ಕೆಲಸ. ನೋಡುತ್ತಿದ್ದೇನೆ ಅನ್ನುವ ಕಾರಣಕ್ಕೇ ಕೈ ಹಿಡಿತ ಮಾಡಿ ತಿಂದರೆ ಬರುವ ಸಂಖ್ಯೆ ಸುಳ್ಳಾಗುತ್ತದೆ.

ಅಳೆಯುವುದರಲ್ಲಿ ಎಣ್ಣೆಯ ವಿಷಯ ಬಿಡಿಸಿ ಹೇಳಬೇಕು. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 14 ಗ್ರಾಂ, ಹತ್ತಿರ ಹತ್ತಿರ 120 ಕ್ಯಾಲೊರಿ. ಬಾಣಲೆಗೆ ಸುರಿಯುವಾಗ ಅದು ಒಂದು ಚಮಚವೋ ಎರಡೋ ಕಣ್ಣಿಗೆ ಗೊತ್ತಾಗುವುದಿಲ್ಲ. ನಾನು ಕಂಡುಕೊಂಡ ದಾರಿ ಇದು: ಅಡುಗೆಗೆ ಮುಂಚೆ ಎಣ್ಣೆ ಬಾಟಲಿಯನ್ನೇ ಡಿಜಿಟಲ್ ತಕ್ಕಡಿಯ ಮೇಲೆ ಇಟ್ಟು ಸೊನ್ನೆ ಒತ್ತುವುದು. ಎಷ್ಟು ಬೇಕೋ ಅಷ್ಟು ಸುರಿದು ಬಾಟಲಿಯನ್ನು ವಾಪಸ್ ಇಟ್ಟರೆ ಪರದೆಯ ಮೇಲೆ ಮೈನಸ್ 22 ಅಂತಲೋ ಮೈನಸ್ 9 ಅಂತಲೋ ಬರುತ್ತದೆ. ಸುರಿದ ಎಣ್ಣೆ ಅಷ್ಟು ಗ್ರಾಂ. ಚಮಚ ತೊಳೆಯುವ ಕೆಲಸವೂ ಇಲ್ಲ. ಧಾನ್ಯಗಳನ್ನು ಬೇಯಿಸುವ ಮೊದಲೇ ತೂಗಿ. ಒಣಗಿದ್ದಾಗ 100 ಗ್ರಾಂಗೆ ಸುಮಾರು 350 ಕ್ಯಾಲೊರಿ ಇರುವುದು, ನೀರು ಹೀರಿ ಬೆಂದ ಮೇಲೆ ಅದೇ ತೂಕಕ್ಕೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಹಸಿಯದ್ದೋ ಬೆಂದದ್ದೋ ಅನ್ನುವ ಗೊಂದಲ ಒಂದೇ ಸಾಕು, ಇಡೀ ದಿನದ ಲೆಕ್ಕ ತಲೆಕೆಳಗಾಗಲು.

ಆ ವಾರಗಳ ಸರಾಸರಿ ತೆಗೆದಾಗ ತೂಕ ಅಲುಗಾಡಿರಲಿಲ್ಲ, ತಿಂದದ್ದು ದಿನಕ್ಕೆ 1,850ರ ಆಸುಪಾಸು. ಅದೇ ನನ್ನ ಮೇಂಟೆನೆನ್ಸ್.

ಇದರಲ್ಲಿ 500 ಕಳೆದರೆ ಉಳಿಯುವುದು 1,350. ಮಲಗಿದ್ದಾಗಿನ ಖರ್ಚಿಗಿಂತಲೂ ಕೆಳಗೆ. ಅಲ್ಲಿಗೆ ಇಳಿದ ತಕ್ಷಣ ಅಪಾಯ ಅಂತ ಅಲ್ಲ. ಆದರೆ ಅಷ್ಟರಲ್ಲೇ ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂ ಎಲ್ಲವನ್ನೂ ತುಂಬಿಸುವುದು ಕಷ್ಟ, ತಿಂಗಳುಗಟ್ಟಲೆ ಹಾಗೆ ಇರುವುದು ಇನ್ನೂ ಕಷ್ಟ. ಸಾಮಾನ್ಯವಾಗಿ ಹೆಂಗಸರು 1,200ಕ್ಕಿಂತ, ಗಂಡಸರು 1,500ಕ್ಕಿಂತ ಕೆಳಗೆ ತಾವಾಗಿ ಇಳಿಯಬಾರದು ಅನ್ನುತ್ತಾರೆ. 800ಕ್ಕಿಂತ ಕಡಿಮೆಯ ಆಹಾರ ಕ್ರಮಗಳು ವೈದ್ಯರ ಕಣ್ಗಾವಲಿನಲ್ಲಿ ಮಾತ್ರ ನಡೆಯಬೇಕು. ನಾನು ಆರಿಸಿಕೊಂಡದ್ದು ಮೇಂಟೆನೆನ್ಸ್‌ನ ಶೇ. 18, ಅಂದರೆ 330. ದಿನಕ್ಕೆ 1,520 ತಿನ್ನಬಹುದು. ಲೆಕ್ಕದ ಪ್ರಕಾರ ವಾರಕ್ಕೆ 300 ಗ್ರಾಂ ಇಳಿಯಬೇಕು. ನಿಧಾನ, ನಿಜ. ಆದರೆ ಸಂಜೆ ಹೊತ್ತಿಗೆ ತಲೆ ಸುತ್ತದೆ, ಯಾರ ಮೇಲೂ ಸಿಡುಕದೆ ದಿನ ಮುಗಿಯುತ್ತಿತ್ತು. ನನಗೆ ಬೇಕಾಗಿದ್ದದ್ದೂ ಅದೇ ಅಲ್ವಾ?

ಹಸಿವು ಮನಸ್ಸಿಗೆ ಏನು ಮಾಡುತ್ತದೆ ಅನ್ನುವುದಕ್ಕೆ ಅಮೆರಿಕದ ಮಿನೆಸೋಟಾದಲ್ಲಿ 1944–45ರಲ್ಲಿ ವಿಜ್ಞಾನಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗ ನೆನಪಿಡಬೇಕು. ಆರೋಗ್ಯವಂತರಾದ 36 ಯುವಕರಿಗೆ 24 ವಾರ ಸುಮಾರು 1,570 ಕ್ಯಾಲೊರಿ ಮಾತ್ರ ಕೊಟ್ಟರು. ಅವರು ಮುಂಚೆ ತಿನ್ನುತ್ತಿದ್ದದ್ದರ ಅರ್ಧ ಅದು, ಜೊತೆಗೆ ಸಾಕಷ್ಟು ನಡೆಯಲೂ ಬೇಕಿತ್ತು. ಸದಾ ಚಳಿ, ಸುಸ್ತು, ಖಿನ್ನತೆ, ತಲೆಯಲ್ಲಿ ಇಪ್ಪತ್ನಾಲ್ಕು ಗಂಟೆ ಊಟದ್ದೇ ಯೋಚನೆ. 1,570 ಅನ್ನುವ ಸಂಖ್ಯೆ ನನ್ನ 1,520ಕ್ಕಿಂತ ಜಾಸ್ತಿ. ಆದರೂ ಅವರಿಗೆ ಅದು ಉಪವಾಸ, ನನಗೆ ಹೊಟ್ಟೆ ತುಂಬುವ ಊಟ. ಇನ್ನೊಬ್ಬರ ಸಂಖ್ಯೆಯನ್ನು ಎತ್ತಿಕೊಳ್ಳಬೇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಶುರು ಮಾಡುವ ಮುಂಚೆ ವೈದ್ಯರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯಕ್ಕೆ ಇಳಿಯಬಹುದು, ಔಷಧಿಯ ಪ್ರಮಾಣವನ್ನು ವೈದ್ಯರೇ ಬದಲಿಸಬೇಕು. ಬಸುರಿಯರು, ಹಾಲೂಡಿಸುವ ತಾಯಂದಿರು, ಹದಿನೆಂಟು ತುಂಬದವರು, ಊಟದ ಜೊತೆ ಮನಸ್ಸಿನ ಜಗಳ (ಈಟಿಂಗ್ ಡಿಸಾರ್ಡರ್) ಅನುಭವಿಸಿದವರು ಇಂಥ ಲೆಕ್ಕವನ್ನು ಮನೆಯಲ್ಲಿ ಒಬ್ಬರೇ ಕೂತು ಹಾಕಲೇಬಾರದು.

ಇಳಿಯುವ ತೂಕವೆಲ್ಲ ಕೊಬ್ಬೇ ಆಗಿರುವುದಿಲ್ಲ, ಸ್ನಾಯುವೂ ಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ದಿನಕ್ಕೆ 90 ಗ್ರಾಂ ಪ್ರೋಟೀನ್ ಗುರಿ ಇಟ್ಟೆ, ದೇಹದ ತೂಕದ ಪ್ರತಿ ಕೆಜಿಗೆ 1.2 ಗ್ರಾಂ ಲೆಕ್ಕದಲ್ಲಿ. ಜೊತೆಗೆ ಭಾರ ಎತ್ತುವ ವ್ಯಾಯಾಮ. ಕೈಗಡಿಯಾರ ತೋರಿಸುವ 'ಕರಗಿದ ಕ್ಯಾಲೊರಿ'ಯನ್ನು ಮಾತ್ರ ಮತ್ತೆ ತಿನ್ನಲಿಲ್ಲ, ಅದರ ಅಂದಾಜು ಬಹಳ ಏರುಪೇರು.

ತಕ್ಕಡಿ ಓದುವುದಕ್ಕೆ ತಾಳ್ಮೆ ಬೇಕು. ದೇಹ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಊಟ ಕಡಿಮೆಯಾದ ಮೊದಲ ವಾರ ಈ ನೀರು ಹೊರಟು ತೂಕ ಸರ್ರನೆ ಇಳಿಯುತ್ತದೆ, ಅದನ್ನು ನೋಡಿ ಹಿಗ್ಗಬೇಡಿ. ಉಪ್ಪು ಜಾಸ್ತಿ ತಿಂದ ಮರುದಿನ ಒಂದು ಕೆಜಿ ಏರಿದರೆ ಕುಗ್ಗಬೇಡಿ. ನಾನು ವಾರದ ಸರಾಸರಿಯನ್ನಷ್ಟೇ ನೋಡುತ್ತಿದ್ದೆ. ಮುಟ್ಟಿನ ಮುಂಚಿನ ವಾರವನ್ನು ಹಿಂದಿನ ತಿಂಗಳ ಅದೇ ವಾರಕ್ಕೆ ಹೋಲಿಸುತ್ತಿದ್ದೆ, ಆಗ ಮೈಯಲ್ಲಿ ನೀರು ನಿಲ್ಲುವುದು ಸಹಜ.

ತೂಕ ಇಳಿದಂತೆ ಮೇಂಟೆನೆನ್ಸ್ ಕೂಡ ಇಳಿಯುತ್ತದೆ. ಸೂತ್ರದ ಪ್ರಕಾರ 5 ಕೆಜಿಗೆ ದಿನಕ್ಕೆ ಸುಮಾರು 60–70 ಕ್ಯಾಲೊರಿ. ಅದರ ಮೇಲೆ, ನಮಗೇ ಗೊತ್ತಿಲ್ಲದಂತೆ ಓಡಾಟವೂ ತಗ್ಗುತ್ತದೆ. ತೂಕದ ಸರಾಸರಿ ಮೂರ್ನಾಲ್ಕು ವಾರ ನಿಂತಲ್ಲೇ ನಿಂತಾಗ ಊಟಕ್ಕೆ ಕೈ ಹಾಕಲಿಲ್ಲ, ನಡಿಗೆ ಹೆಚ್ಚಿಸಿದೆ. ಅದೂ ಸಾಲದಾದಾಗ 50 ಕ್ಯಾಲೊರಿ ಕಡಿಮೆ ಮಾಡಿದೆ, ಅಷ್ಟೇ. ಮುಟ್ಟು ತಪ್ಪುವುದು, ಕೂದಲು ಉದುರುವುದು, ಸದಾ ಮೈ ಚಳಿಯಾಗುವುದು, ನಿದ್ದೆ ಕೆಡುವುದು ಕಂಡರೆ ಡೆಫಿಸಿಟ್ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಕೂದಲಂತೂ ಎರಡು ಮೂರು ತಿಂಗಳ ನಂತರ ಉದುರಲು ಶುರುವಾಗುವುದರಿಂದ ಕಾರಣ ಹೊಳೆಯುವುದೇ ಇಲ್ಲ.

ಈಗ ಬೇಕಾದ ತೂಕಕ್ಕೆ ಬಂದಿದ್ದೇನೆ. ವಾರಕ್ಕೊಮ್ಮೆ ದಿನದ ಊಟಕ್ಕೆ 100 ಕ್ಯಾಲೊರಿ ಸೇರಿಸುತ್ತಾ ಹೊಸ ಮೇಂಟೆನೆನ್ಸ್ ಹುಡುಕುತ್ತಿದ್ದೇನೆ. ಗ್ಲೈಕೋಜನ್ ಮತ್ತು ನೀರು ವಾಪಸ್ ಬರುವುದರಿಂದ ತೂಕ ಒಂದಿಷ್ಟು ಏರಿದೆ. ಏರುತ್ತದೆ ಅಂತ ಗೊತ್ತಿತ್ತು, ಹಾಗಾಗಿ ಊಟ ಮತ್ತೆ ಕಡಿಮೆ ಮಾಡಿಲ್ಲ. ಎಣ್ಣೆ ಬಾಟಲಿಯನ್ನು ಮಾತ್ರ ಈಗಲೂ ತೂಗುತ್ತೇನೆ.