ಗ್ರಾಂ ಎಷ್ಟು, ಕಪ್ ಎಷ್ಟು? ನಿಮ್ಮ ಬಟ್ಟಲಿಗೇ ಒಂದು ಲೆಕ್ಕ

ಕಲಬುರಗಿಯ ಗಂಜ್‌ನಲ್ಲಿ ತೊಗರಿ ಬೇಳೆ ಕೊಳ್ಳುವುದು ಕಿಲೋ ಲೆಕ್ಕದಲ್ಲಿ. ಮನೆಗೆ ಬಂದ ಮೇಲೆ ಅಳೆಯುವುದು ಬಟ್ಟಲಲ್ಲಿ. ದಿನದ ಬೇಳೆ-ಅನ್ನಕ್ಕೆ ಅಷ್ಟು ಸಾಕು. ಆದರೆ ಕೇಕ್, ಬಿಸ್ಕತ್ತು, ಹೋಳಿಗೆಯ ಹೂರಣಕ್ಕೆ ಅಳತೆ ಸರಿ ಇರಲೇಬೇಕು. ಒಂದು ರೆಸಿಪಿ ‘ಕಪ್’ ಅನ್ನುತ್ತದೆ, ಇನ್ನೊಂದು ‘ಗ್ರಾಂ’ ಅನ್ನುತ್ತದೆ. ಒಂದನ್ನು ಇನ್ನೊಂದಕ್ಕೆ ಇಳಿಸುವುದು ಕಷ್ಟವೇನಲ್ಲ.

ಮೊದಲು ನಿಮ್ಮ ಕಪ್ ಎಷ್ಟು ದೊಡ್ಡದು ನೋಡಿ. ಖಾಲಿ ಕಪ್ಪನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಒಂದು ಗ್ರಾಂ ನೀರು ಅಂದರೆ ಒಂದು ಮಿಲಿ. ಅಮೆರಿಕದ ರೆಸಿಪಿಗಳ ಕಪ್ ಸುಮಾರು 240 ಮಿಲಿ, ಆಸ್ಟ್ರೇಲಿಯಾದ್ದು 250. ರೈಸ್ ಕುಕ್ಕರ್ ಜೊತೆ ಬರುವ ಕಪ್ ಬಹಳಷ್ಟು ಸಲ 180ರ ಸುತ್ತ ಇರುತ್ತದೆ. ಅದನ್ನೇ ಕೇಕಿಗೂ ಹಿಡಿದರೆ ಕಾಲು ಭಾಗ ಕಡಿಮೆಯಾಯಿತು, ಅಲ್ವಾ?

ಈಗ ಅದೇ ಕಪ್ಪನ್ನು ಒರೆಸಿ, ಒಂದೊಂದೇ ಸಾಮಾನು ತುಂಬಿ ತೂಗಿ. 240 ಮಿಲಿ ಕಪ್ಪಿಗೆ ತೊಗರಿ ಬೇಳೆ, ಅಕ್ಕಿ, ಸಕ್ಕರೆ ಮೂರೂ 200 ಗ್ರಾಂ ಆಸುಪಾಸು ಬರುತ್ತವೆ. ರವೆ 170ರ ಹತ್ತಿರ, ಹಸಿ ಶೇಂಗಾ 145ರಿಂದ 150, ಮೈದಾ 125. ನಿಮ್ಮ ಅಂಕಿ ಸ್ವಲ್ಪ ಬೇರೆ ಬಂದರೆ ನಿಮ್ಮದನ್ನೇ ನಂಬಿ. ಚೀಟಿಯಲ್ಲಿ ಬರೆದು ಕಪಾಟಿನ ಒಳಬಾಗಿಲಿಗೆ ಅಂಟಿಸಿ.

ತಕ್ಕಡಿ ಇಲ್ಲವಾ? ಒಂದು ಕಿಲೋ ಬೇಳೆ ತಂದಾಗ ಡಬ್ಬಿಗೆ ಸುಮ್ನೆ ಸುರಿಯಬೇಡಿ, ಬಟ್ಟಲಲ್ಲಿ ಅಳೆದು ಹಾಕಿ. ಐದು ಬಟ್ಟಲಾದರೆ ಒಂದಕ್ಕೆ 200 ಗ್ರಾಂ. ಆರೂವರೆ ಆದರೆ 154. ನನಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ ಅನ್ನಿಸುತ್ತದೆ, ಖರ್ಚೇ ಇಲ್ಲ.

ಕಾಳು, ಬೇಳೆಯಲ್ಲಿ ಹೇಗೆ ತುಂಬಿದರೂ ದೊಡ್ಡ ವ್ಯತ್ಯಾಸ ಬರುವುದಿಲ್ಲ. ತೊಂದರೆ ಕೊಡುವುದು ಹಿಟ್ಟು. ಗಿರಣಿಯಿಂದ ಆಗಷ್ಟೇ ಬೀಸಿಕೊಂಡು ಬಂದ ಜೋಳದ ಹಿಟ್ಟು ಬಿಸಿ ಬಿಸಿ ಇರುತ್ತದೆ, ಒಳಗೆ ಗಾಳಿ ಜಾಸ್ತಿ. ನಾಲ್ಕು ದಿನ ಡಬ್ಬಿಯಲ್ಲಿ ಕೂತರೆ ಅದೇ ಹಿಟ್ಟು ಕೆಳಗಿಳಿದು ಗಟ್ಟಿಯಾಗುತ್ತದೆ. ಕಪ್ಪನ್ನೇ ಡಬ್ಬಿಗೆ ಅದ್ದಿ ಒತ್ತಿ ತೆಗೆದರೆ ಇಪ್ಪತ್ತು-ಮೂವತ್ತು ಗ್ರಾಂ ಸುಲಭವಾಗಿ ಹೆಚ್ಚು ಬರುತ್ತದೆ. ಹಾಗಾಗಿ ಮೊದಲು ಹಿಟ್ಟನ್ನು ಚಮಚದಿಂದ ಕದಡಿ ಸಡಿಲ ಮಾಡಿ. ಚಮಚದಲ್ಲೇ ಕಪ್ಪಿಗೆ ಉದುರಿಸಿ, ಮೇಲೆ ಗೋಪುರ ಬರಲಿ. ಚಾಕುವಿನ ಬೆನ್ನಿನಿಂದ ಅಂಚಿಗೆ ಸರಿಯಾಗಿ ಸವರಿ. ಕಪ್ಪನ್ನು ಕುಟ್ಟಬೇಡಿ. ಪ್ರತಿ ಸಲ ಹೀಗೇ ತುಂಬಿದರೆ ಮಾತ್ರ ಚೀಟಿಯ ಅಂಕಿ ಕೆಲಸಕ್ಕೆ ಬರುತ್ತದೆ. ರೊಟ್ಟಿ ಬಡಿಯುವವರಿಗೆ ಇದೆಲ್ಲ ಬೇಕಿಲ್ಲ, ಎಸರಿಗೆ ಎಷ್ಟು ಹಿಟ್ಟು ಹಿಡಿಯುತ್ತದೆ ಅಂತ ಕೈಗೇ ಗೊತ್ತಿರುತ್ತದೆ.

ಹೋಳಿಗೆಗೆ ‘ಬೇಳೆಗೆ ಸಮ ಬೆಲ್ಲ’ ಅನ್ನುತ್ತಾರೆ. ಅದನ್ನು ತೂಕದಲ್ಲೇ ನೋಡಿ. ಬೆಲ್ಲದ ಹೆಂಟೆಗಳ ನಡುವೆ ಖಾಲಿ ಜಾಗ ಉಳಿಯುತ್ತದೆ. ಕಪ್ಪಿನ ಲೆಕ್ಕ ಹಿಡಿದರೆ ಒಮ್ಮೆ ಸಿಹಿ ಕಡಿಮೆ, ಒಮ್ಮೆ ಜಾಸ್ತಿ.

ಲೆಕ್ಕ ಇಷ್ಟೇ: ಕಪ್‌ನಿಂದ ಗ್ರಾಂಗೆ ಗುಣಿಸಿ, ಗ್ರಾಂನಿಂದ ಕಪ್ಪಿಗೆ ಭಾಗಿಸಿ. 350 ಗ್ರಾಂ ಮೈದಾ ಬೇಕು ಅನ್ನಿ. 350ನ್ನು 125ರಿಂದ ಭಾಗಿಸಿದರೆ 2.8. ಒಂದು ಕಪ್ಪಿಗೆ 15 ಮಿಲಿಯ ದೊಡ್ಡ ಚಮಚ 16. ಅಲ್ಲಿಗೆ ಎರಡು ಮುಕ್ಕಾಲು ಕಪ್, ಮೇಲೊಂದು ದೊಡ್ಡ ಚಮಚ ಹಾಕಿದರೆ ಆಯಿತು.

ಅಜ್ಜಿಯ ಲೆಕ್ಕ ಸೇರಿನಲ್ಲಿದ್ದರೆ? ತೂಕದ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಅಳತೆಯ ಸೇರು ಊರಿಂದ ಊರಿಗೆ ಬೇರೆ. ಆ ಹಳೆಯ ಸೇರು ಅಟ್ಟದ ಮೇಲೆ ಇದ್ದರೆ ಕೆಳಗಿಳಿಸಿ, ತುಂಬಿ ತೂಗಿ.

ಮಸಾಲೆಗೆ ಮನೆ ತಕ್ಕಡಿ ಸಾಲದು, ಒಂದೆರಡು ಗ್ರಾಂ ಅದಕ್ಕೆ ಸರಿಯಾಗಿ ಹತ್ತುವುದಿಲ್ಲ. ಹತ್ತು ಚಮಚ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ. 5 ಮಿಲಿಯ ಸಣ್ಣ ಚಮಚಕ್ಕೆ ಜೀರಿಗೆ ಸುಮಾರು 2 ಗ್ರಾಂ, ಪುಡಿ ಉಪ್ಪು 6 ಗ್ರಾಂ. ಹರಳುಪ್ಪು ಅದೇ ಚಮಚದಲ್ಲಿ ಕಡಿಮೆ ಕೂರುತ್ತದೆ. ಪುಡಿ ಉಪ್ಪಿನ ಬದಲು ಅದನ್ನು ಹಾಕುವುದಿದ್ದರೆ ಚಮಚ ಬಿಟ್ಟು ತೂಕ ಹಿಡಿಯಿರಿ.