ಕೆಲ್ಸ ಬಿಡದೇ ಅಮೆರಿಕದ ಕ್ರಿಶ್ಚಿಯನ್ ಕಾಲೇಜಲ್ಲಿ ಅಸೋಸಿಯೇಟ್ ಡಿಗ್ರಿ ಮಾಡೋದು ಹೇಗೆ

ಪಿಯುಸಿಗೋ ಡಿಪ್ಲೊಮಾಗೋ ಓದು ನಿಲ್ಸಿ ಅಮೆರಿಕಕ್ಕೆ ಬಂದು, ಈಗ ಸ್ಟೋರಲ್ಲೋ ವೇರ್‌ಹೌಸಲ್ಲೋ ದುಡೀತಾ "ಈ ವಯಸ್ಸಲ್ಲಿ ಇನ್ನೇನು ಓದು" ಅಂತ ಸುಮ್ನಿರೋರು ನಮ್ಮವರಲ್ಲೂ ಇದ್ದಾರೆ. ಅಂಥವರಿಗೆ, ಅದ್ರಲ್ಲೂ ಬೈಬಲ್ ಜೊತೆಗೇ ಚರಿತ್ರೆ, ಸಾಹಿತ್ಯ, ತತ್ವಶಾಸ್ತ್ರ ಎಲ್ಲಾ ಓದ್ಬೇಕು ಅನ್ನೋರಿಗೆ ಕ್ರಿಶ್ಚಿಯನ್ ಕಾಲೇಜಿನ ಅಸೋಸಿಯೇಟ್ ಡಿಗ್ರಿ ನಿಜವಾಗ್ಲೂ ಒಳ್ಳೇದು. ಓದನ್ನ ಅಲ್ಲಿ ಕ್ರೆಡಿಟ್ ಅನ್ನೋ ಅಳತೆಯಲ್ಲಿ ಎಣಿಸ್ತಾರೆ, ಇದಕ್ಕೆ ಒಟ್ಟು ಸುಮಾರು 60 ಕ್ರೆಡಿಟ್, ಅಂದ್ರೆ ಬ್ಯಾಚುಲರ್ ಡಿಗ್ರಿಯ ಅರ್ಧ ದಾರಿ.

ಫೀಸ್ ಕೇಳೋಕೆ ಮುಂಚೆ ಅಕ್ರೆಡಿಟೇಶನ್, ಅಂದ್ರೆ ಕಾಲೇಜಿಗೆ ಯಾರ ಮಾನ್ಯತೆ ಇದೆ ಅಂತ ಕೇಳಿ. ಕಾಲೇಜಿನ ಹೆಸರಲ್ಲಿ ಕ್ರಿಶ್ಚಿಯನ್ ಅಂತ ಇದೆ, ಪಾಸ್ಟರ್ ಹೇಳಿದ್ರು ಅಂತ ಸೇರ್ಕೋಬೇಡಿ. ಎಲ್ಲಾ ತರದ ಕಾಲೇಜುಗಳನ್ನೂ ಪರಿಶೀಲಿಸೋ ಎಚ್‌ಎಲ್‌ಸಿ, ಎಸ್‌ಎಸಿಎಸ್‌ಸಿಒಸಿ ತರದ ಸಂಸ್ಥೆಗಳ ಮಾನ್ಯತೆ ಇದ್ರೆ ಮುಂದೆ ಬೇರೆ ಯೂನಿವರ್ಸಿಟಿಗೆ ಕ್ರೆಡಿಟ್ ತಗೊಂಡು ಹೋಗೋದು ಸುಲಭ. ಕ್ರಿಶ್ಚಿಯನ್ ಕಾಲೇಜುಗಳಿಗೇ ಅಂತ ಇರೋ ಎಬಿಎಚ್‌ಇ, ಟ್ರಾಕ್ಸ್ ಸಂಸ್ಥೆಗಳ ಮಾನ್ಯತೆನೂ ಸರ್ಕಾರ ಒಪ್ಪುತ್ತೆ, ಆದ್ರೆ ಅಲ್ಲಿನ ಕ್ರೆಡಿಟ್ ತಗೊಳ್ಳೋಕೆ ಕೆಲವು ಸ್ಟೇಟ್ ಯೂನಿವರ್ಸಿಟಿಗಳು ಹಿಂದೆ ಮುಂದೆ ನೋಡ್ತಾವೆ, ಹಾಗಾಗಿ ನೀವು ಆಮೇಲೆ ಎಲ್ಲಿಗೆ ಹೋಗ್ಬೇಕು ಅಂತಿದೀರೋ ಅವರನ್ನೇ ಈಗ್ಲೇ ಕೇಳಿ, ಉತ್ತರ ಇ-ಮೇಲಲ್ಲಿ ಬರಲಿ. ಇಂಡಿಯಾನಾದ ಮೇರಿಯನ್‌ನಲ್ಲಿರೋ ಇಂಡಿಯಾನಾ ವೆಸ್ಲಿಯನ್ ಯೂನಿವರ್ಸಿಟಿ 1980ರ ದಶಕದಿಂದ್ಲೂ ಕೆಲ್ಸದಲ್ಲಿರೋರಿಗೆ ಅಂತ್ಲೇ ಕೋರ್ಸ್ ನಡೆಸ್ತಿದೆ, ವರ್ಜೀನಿಯಾದ ಲಿಬರ್ಟಿ ಯೂನಿವರ್ಸಿಟಿನೂ ಆನ್‌ಲೈನಲ್ಲಿ ಕೊಡುತ್ತೆ. ಎರಡೂ ಕಡೆ ವಿದ್ಯಾರ್ಥಿ ಪಾಲಿಸ್ಬೇಕಾದ ನಡತೆಯ ನಿಯಮಗಳು ಏನಿದಾವೆ ಅಂತ ಪೂರ್ತಿ ಓದಿ, ಮನಸ್ಸು ಒಪ್ಪಿದ್ರೆ ಮಾತ್ರ ಸಹಿ ಹಾಕಿ.

ದುಡ್ಡಿನ ವಿಷ್ಯ ಸ್ವಲ್ಪ ನಿಧಾನವಾಗಿ ಓದಿ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ರೆ ಮೊದಲು ಫಾಫ್ಸಾ, ಅಂದ್ರೆ ಫೆಡರಲ್ ಸರ್ಕಾರದ ಓದಿನ ಸಹಾಯಕ್ಕೆ ಹಾಕೋ ಅರ್ಜಿ, ತುಂಬಿ. ಆದಾಯ ಕಮ್ಮಿ ಇದ್ರೆ ಸರ್ಕಾರ ಕೊಡೋ ಪೆಲ್ ಗ್ರಾಂಟ್ ಸಿಗ್ಬಹುದು, 2025-26ಕ್ಕೆ ಗರಿಷ್ಠ 7,395 ಡಾಲರ್, ವಾಪಸ್ ಕಟ್ಟೋ ಸಾಲ ಅಲ್ಲ. ಆದ್ರೆ ಊರಲ್ಲಿ ಬಿಕಾಂ, ಬಿಎ ಮುಗಿಸಿದೋರಿಗೆ ಪೆಲ್ ಇಲ್ಲ, ಬ್ಯಾಚುಲರ್ ಡಿಗ್ರಿ ಯಾವ ದೇಶದ್ದಾದ್ರೂ ಲೆಕ್ಕಕ್ಕೆ ಬರುತ್ತೆ. ಎಚ್-4 ವೀಸಾದಲ್ಲಿರೋರು ಓದ್ಬಹುದು, ಫೆಡರಲ್ ಸಹಾಯ ಮಾತ್ರ ಸಿಗಲ್ಲ. ಕೆಲ್ಸದ ಜಾಗದಲ್ಲಿ ಎಚ್‌ಆರ್‌ನ ಟ್ಯೂಷನ್ ಅಸಿಸ್ಟೆನ್ಸ್, ಅಂದ್ರೆ ಓದಿನ ಫೀಸಿಗೆ ಸಹಾಯ, ಇದೆಯಾ ಅಂತ ಕೇಳೇ ಕೇಳಿ, ಕಂಪನಿ ಕೊಡೋ ದುಡ್ಡಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೂ ನಿಮಗೆ ಟ್ಯಾಕ್ಸ್ ಬೀಳಲ್ಲ. ಇದನ್ನ ಕೇಳೋಕೆ ಸಂಕೋಚ ಪಡ್ಬೇಡಿ.

ಇನ್ನೊಂದು ಉಳಿತಾಯ ಅಂದ್ರೆ ಕ್ಲೆಪ್ ಪರೀಕ್ಷೆ. ಗೊತ್ತಿರೋ ವಿಷ್ಯಕ್ಕೆ ಕ್ಲಾಸ್ ಇಲ್ದೇ ಪರೀಕ್ಷೆ ಬರೆದು, ಸಾಮಾನ್ಯವಾಗಿ 50 ಸ್ಕೋರ್ ಬಂದ್ರೆ ಕ್ರೆಡಿಟ್ ಸಿಗುತ್ತೆ, ಆದ್ರೆ ಯಾವ ಪರೀಕ್ಷೆ, ಎಷ್ಟು ಕ್ರೆಡಿಟ್ ಅಂತ ಒಂದೊಂದು ಕಾಲೇಜು ಒಂದೊಂದು ತರ, ಫೀಸ್ ಕಟ್ಟೋ ಮುಂಚೆ ಖಚಿತ ಮಾಡ್ಕೊಳ್ಳಿ.

ಟೈಮಿಗೆ ಬರೋಣ. ಒಂದು ಕ್ರೆಡಿಟ್‌ಗೆ ಕ್ಲಾಸು, ಮನೆ ಓದು ಎಲ್ಲಾ ಸೇರಿ ಸುಮಾರು 45 ಗಂಟೆ ಅನ್ನೋದು ಅಲ್ಲಿನ ಲೆಕ್ಕ. ಮೂರು ಕ್ರೆಡಿಟ್ ಕೋರ್ಸ್ ಅಂದ್ರೆ 135 ಗಂಟೆ. ಅದನ್ನೇ 8 ವಾರಕ್ಕೆ ಹಿಂಡಿದ್ರೆ ವಾರಕ್ಕೆ 17 ಗಂಟೆ, 5 ವಾರಕ್ಕಾದ್ರೆ 27 ಗಂಟೆ! ಕಾಲೇಜಿನ ಜಾಹೀರಾತಲ್ಲಿ ಬೇಗ ಮುಗಿಯುತ್ತೆ ಅಂತ ಮಾತ್ರ ಇರುತ್ತೆ, ಈ ಗಂಟೆಗಳು ನಿಮ್ ನಿದ್ದೆಯಿಂದ್ಲೋ ಭಾನುವಾರದಿಂದ್ಲೋ ಬರ್ಬೇಕು. ಅದಕ್ಕೇ ಒಂದ್ ಸಲಕ್ಕೆ ಒಂದೇ ಕೋರ್ಸ್ ತಗೊಳ್ಳಿ, ಮನೆಯವರ ಜೊತೆ ಮೊದಲೇ ಕೂತು ಯಾವ ಸಂಜೆ ನಿಮ್ದು ಅಂತ ಮಾತಾಡ್ಕೊಳ್ಳಿ.

ಮೊದಲ ಕೋರ್ಸ್ ಇಂಗ್ಲಿಷ್ ಕಾಂಪೊಸಿಷನ್ ಆಗಿರಲಿ, ಯಾಕಂದ್ರೆ ಆಮೇಲಿನ ಹಿಸ್ಟರಿ, ಫಿಲಾಸಫಿ ಎಲ್ಲದ್ರಲ್ಲೂ ಪ್ರಬಂಧ ಬರ್ದೇ ಪಾಸಾಗೋದು, ಮೂಲ ಹೇಳದೇ ಎತ್ತಿ ಬರೆದ್ರೆ ಅಲ್ಲಿ ದೊಡ್ಡ ತಪ್ಪು. ಹಳೇ ಒಡಂಬಡಿಕೆ, ಹೊಸ ಒಡಂಬಡಿಕೆ ಕೋರ್ಸ್‌ಗಳಿಗೆ ಕನ್ನಡದ ಸತ್ಯವೇದ ಪಕ್ಕದಲ್ಲೇ ಇಟ್ಕೊಂಡು ಓದಿ, ಚಿಕ್ಕಂದಿನಿಂದ ಕೇಳಿದ ಭಾಗಗಳು ಬೇಗ ತಲೆಗೆ ಹತ್ತುತ್ತೆ, ಇಂಗ್ಲಿಷಲ್ಲಿ ಬರೆಯೋಕೂ ಧೈರ್ಯ ಬರುತ್ತೆ. ಅಲ್ಲಿ ಕೇಳೋದು ಬಾಯಿಪಾಠ ಅಲ್ಲ, ಯಾರು ಯಾವಾಗ ಯಾರಿಗೆ ಬರೆದ್ರು, ನಿಮಗೇನನ್ಸುತ್ತೆ, ಯಾಕೆ ಅನ್ನೋದು.

ಪಿಯುಸಿ ಮಾರ್ಕ್ಸ್ ಕಾರ್ಡ್ ಅಮೆರಿಕದ ಲೆಕ್ಕದಲ್ಲಿ ಯಾವುದಕ್ಕೆ ಸಮ ಅಂತ ಡಬ್ಲ್ಯೂಇಎಸ್ ಅನ್ನೋ ಸಂಸ್ಥೆಯಿಂದ ಅಥವಾ ಕಾಲೇಜು ಒಪ್ಪೋ ಬೇರೆ ಸಂಸ್ಥೆಯಿಂದ ಇವ್ಯಾಲ್ಯುಯೇಟ್ ಮಾಡಿಸ್ಬೇಕಾಗ್ಬಹುದು. ಕಾರ್ಡ್ ಕಳ್ದೋಗಿದ್ರೆ ನೀವು ಓದಿದ ಪಿಯು ಕಾಲೇಜಿನ ಆಫೀಸಿಂದ್ಲೇ ಹುಡುಕೋಕೆ ಶುರು ಮಾಡಿ, ಊರಲ್ಲಿರೋ ಯಾರಿಗಾದ್ರೂ ಒಪ್ಪಿಸಿ, ಬೇರೆ ಅರ್ಜಿಗಳಿಗಿಂತ ಮುಂಚೆ ಈ ಕೆಲ್ಸ ಮಾಡಿ, ಇದೇ ಎಲ್ಲಕ್ಕಿಂತ ಲೇಟಾಗೋದು.