ಭಾವನಿಗೆ ಯಕ್ಷಗಾನದ ಆಟದ ವಿಡಿಯೋ ಕಳಿಸಿದ್ದು: ಟೊರೆಂಟ್ ಅಪ್‌ಲೋಡ್ ನಿಧಾನವಾದಾಗ ಏನೇನು ನೋಡಬೇಕು

ನಮ್ಮದು ಹೊನ್ನಾವರ ತಾಲೂಕಿನ ಒಂದು ಹಳ್ಳಿ. ನವೆಂಬರಿನಿಂದ ಮೇ ತನಕ ಸುತ್ತಮುತ್ತ ಎಲ್ಲಿ ಯಕ್ಷಗಾನ ಇದ್ದರೂ ಕ್ಯಾಮೆರಾ ಹಿಡಿದು ಹೋಗುತ್ತೇನೆ. ಮೇಳದವರ ಒಪ್ಪಿಗೆ ಕೇಳಿ ಇಡೀ ರಾತ್ರಿಯ ಆಟ ರೆಕಾರ್ಡ್ ಮಾಡುತ್ತೇನೆ. ಕಳೆದ ಸಲದ ಒಂದು ಆಟ 38 ಜಿಬಿ ಆಯಿತು. ಯೂಟ್ಯೂಬಿಗೆ ಹಾಕಿದರೆ ಚಿತ್ರ ಕುಗ್ಗುತ್ತದೆ. ಗೂಗಲ್ ಡ್ರೈವಿನಲ್ಲಿ ಪುಕ್ಕಟೆ ಸಿಗುವುದು 15 ಜಿಬಿ ಮಾತ್ರ. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲು ಬರುವುದಿಲ್ಲ. ಟೊರೆಂಟ್ ಅಂದರೆ ಫೈಲನ್ನು ತುಂಡು ತುಂಡಾಗಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನೇರವಾಗಿ ಕಳಿಸುವ ವಿಧಾನ. ಅದಾದರೆ ನಿಂತಲ್ಲಿಂದ ಮತ್ತೆ ಶುರುವಾಗುತ್ತದೆ. ಅದಕ್ಕೇ ನಾನು ಕ್ಯೂಬಿಟ್‌ಟೊರೆಂಟ್ ಅನ್ನುವ ಟೊರೆಂಟ್ ಸಾಫ್ಟ್‌ವೇರ್ ಬಳಸುತ್ತೇನೆ.

ಆ ಆಟವನ್ನು ಮುಂಬೈಯಲ್ಲಿರುವ ಭಾವನಿಗೆ ಕಳಿಸಬೇಕಿತ್ತು. ಲಿಂಕ್ ವಾಟ್ಸಾಪಿನಲ್ಲಿ ಹೋಯಿತು. ಮಾರನೇ ದಿನ ಫೋನ್ ಬಂತು. ‘ಸೊನ್ನೆ ಪರ್ಸೆಂಟಿನಲ್ಲೇ ನಿಂತಿದೆಯಲ್ಲ, ಕಂಪ್ಯೂಟರ್ ಆಫ್ ಮಾಡಿದ್ದೀಯಾ?’ ಆಫ್ ಮಾಡಿರಲಿಲ್ಲ. ಆಮೇಲೆ ನಾಲ್ಕು ದಿನ ಒಂದೊಂದಾಗಿ ಹುಡುಕುತ್ತ ಹೋದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ. ಪ್ಲಾನಿನಲ್ಲಿ 40 ಎಂಬಿಪಿಎಸ್ ಅಂದರೆ ಅದು ಬಿಟ್ ಲೆಕ್ಕ. ಟೊರೆಂಟ್ ತೋರಿಸುವುದು ಬೈಟ್ ಲೆಕ್ಕ. ಎಂಟರಿಂದ ಭಾಗಿಸಿ. 40 ಇದ್ದದ್ದು ಸೆಕೆಂಡಿಗೆ 5 ಎಂಬಿ ಆಗುತ್ತದೆ. ಅದಕ್ಕಿಂತ ಜಾಸ್ತಿ ಯಾವ ಸೆಟ್ಟಿಂಗ್‌ನಿಂದಲೂ ಬರುವುದಿಲ್ಲ. ಸ್ಪೀಡ್ ಟೆಸ್ಟ್ ಮಾಡುವಾಗ ಅಪ್‌ಲೋಡ್ ಅಂಕಿಯನ್ನೇ ನೋಡಿ, ಡೌನ್‌ಲೋಡ್ ಅಂಕಿ ನೋಡಿ ಸಮಾಧಾನ ಪಡಬೇಡಿ. ಇನ್ನೂ ಹಳೇ ಟೆಲಿಫೋನ್ ತಂತಿಯ ನೆಟ್ ಇದ್ದರೆ ಅಪ್‌ಲೋಡ್ ಸೆಕೆಂಡಿಗೆ ನೂರು ಕೆಬಿ ಆಸುಪಾಸಿನಲ್ಲೇ ಇರುತ್ತದೆ. ಅಲ್ಲಿ ದೋಷ ಹುಡುಕಿ ಪ್ರಯೋಜನವಿಲ್ಲ.

ಎರಡನೆಯದು, ಆ ಕಡೆ ಕೇಳುವವರು ಇದ್ದಾರಾ? ತುಂಬ ಜನ ಇದನ್ನೇ ಮರೆಯುತ್ತಾರೆ. ಉಬುಂಟು ಆಪರೇಟಿಂಗ್ ಸಿಸ್ಟಂನಂಥ ಫೈಲಿಗೆ ಕೊಡುವವರೇ ಸಾವಿರಾರು ಜನ, ಪಡೆಯುವವರು ಕಡಿಮೆ. ಅಲ್ಲಿ ನಿಮ್ಮ ಅಪ್‌ಲೋಡ್ ಸೊನ್ನೆ ಇದ್ದರೆ ಅದು ರೋಗವಲ್ಲ. ನನ್ನ ಫೈಲಿನದು ಬೇರೆ ಕಥೆ. ಕೊಡುವವನು ನಾನೊಬ್ಬನೇ, ಭಾವ ಕಾದು ಕೂತಿದ್ದಾರೆ, ಆದರೂ ಸೊನ್ನೆ.

ಟೊರೆಂಟ್ ಮೇಲೆ ಕ್ಲಿಕ್ ಮಾಡಿ ಕೆಳಗಿನ ಪೀರ್ಸ್ ಪಟ್ಟಿ (ಸಂಪರ್ಕದಲ್ಲಿರುವ ಬೇರೆ ಕಂಪ್ಯೂಟರುಗಳ ಪಟ್ಟಿ) ತೆರೆಯಿರಿ. ಅಲ್ಲಿ ಫ್ಲ್ಯಾಗ್ಸ್ ಅಂತ ಒಂದು ಕಾಲಂ ಇದೆ. ದೊಡ್ಡ ಅಕ್ಷರದ ಯು ಇದ್ದರೆ ಅವರಿಗೆ ಫೈಲ್ ಹೋಗುತ್ತಿದೆ. ಸಣ್ಣ ಅಕ್ಷರದ ಯು ಇದ್ದರೆ ಅವರು ಕೇಳುತ್ತಿದ್ದಾರೆ, ನಿಮ್ಮ ಕಡೆಯಿಂದ ಇನ್ನೂ ಸರದಿ ಕೊಟ್ಟಿಲ್ಲ. ಪ್ರಶ್ನಾರ್ಥಕ ಚಿಹ್ನೆ ಇದ್ದರೆ ನೀವು ಕೊಡಲು ತಯಾರು, ಅವರಿಗೆ ಬೇಕಾಗಿಲ್ಲ. ಐ ಇದ್ದರೆ ಅವರೇ ನಿಮ್ಮನ್ನು ಹುಡುಕಿಕೊಂಡು ಬಂದವರು. ಈ ನಾಲ್ಕು ಗುರುತು ತಿಳಿದರೆ ಅರ್ಧ ಕೆಲಸ ಆದಂತೆ. ನನ್ನ ಪಟ್ಟಿ ಪೂರ್ತಿ ಖಾಲಿ ಇತ್ತು. ಅಂದರೆ ಸ್ಪೀಡಿನ ಮಾತು ಆಮೇಲೆ, ಭಾವನ ಕಂಪ್ಯೂಟರಿಗೆ ನಮ್ಮ ಮನೆಯೇ ಸಿಕ್ಕಿಲ್ಲ.

ಕ್ಯೂಬಿಟ್‌ಟೊರೆಂಟಿನ ಕೆಳಗಿನ ಸಾಲಿನಲ್ಲಿ ಒಂದು ಸಣ್ಣ ಗುರುತು ಇರುತ್ತದೆ. ಹಸಿರಿದ್ದರೆ ಹೊರಗಿನವರು ನಿಮ್ಮ ತನಕ ಬರುತ್ತಿದ್ದಾರೆ. ಹಳದಿ ಬೆಂಕಿಯ ಗುರುತಿದ್ದರೆ ಯಾರೂ ಒಳಗೆ ಬಂದಿಲ್ಲ. ನನ್ನಲ್ಲಿ ಬೆಂಕಿಯೇ ಇತ್ತು.

ಇದರ ಕಾರಣ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮಲ್ಲಿ ಬಹಳಷ್ಟು ಮನೆಗಳ ಎಡವಟ್ಟು ಇಲ್ಲೇ ಇರುವುದು. ಐಪಿ ವಿಳಾಸಗಳ (ನೆಟ್‌ನಲ್ಲಿ ಗುರುತು ಹಿಡಿಯುವ ಸಂಖ್ಯೆಗಳ) ಕೊರತೆಯಿಂದ ನೆಟ್ ಕೊಡುವವರು ನೂರಾರು ಮನೆಗೆ ಒಂದೇ ಪಬ್ಲಿಕ್ ಐಪಿ (ಹೊರಗಿನವರಿಗೆ ಕಾಣುವ ವಿಳಾಸ) ಹಂಚುತ್ತಾರೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ವಠಾರಕ್ಕೆಲ್ಲ ಒಂದೇ ಡೋರ್ ನಂಬರ್ ಇದ್ದ ಹಾಗೆ. ನೀವು ಹೊರಗೆ ಹೋಗಬಹುದು, ಹೊರಗಿನಿಂದ ಬಂದವರಿಗೆ ನಿಮ್ಮ ಮನೆ ಯಾವುದು ಅಂತ ಗೊತ್ತಾಗುವುದಿಲ್ಲ. ಪತ್ತೆ ಮಾಡುವುದು ಸುಲಭ. ರೂಟರ್ ಪೇಜ್ ತೆರೆದು ವ್ಯಾನ್ ಐಪಿ (ನೆಟ್ ಕಡೆಯಿಂದ ರೂಟರಿಗೆ ಸಿಕ್ಕ ವಿಳಾಸ) ನೋಡಿ. ನನ್ನದು 100.72ರಿಂದ ಶುರುವಾಗಿತ್ತು. 100.64ರಿಂದ 100.127ರ ತನಕ ಏನಿದ್ದರೂ ಅದು ಸಿಜಿನ್ಯಾಟ್. 192.168 ಅಥವಾ 10ರಿಂದ ಶುರುವಾದರೆ ನಿಮ್ಮ ರೂಟರಿನ ಹಿಂದೆ ಇನ್ನೊಂದು ರೂಟರ್ ಇದೆ. ಎಷ್ಟೋ ಸಲ ಅದು ನೆಟ್ ಹಾಕುವಾಗ ಅವರೇ ಕೊಟ್ಟುಹೋದ ಫೈಬರ್ ಪೆಟ್ಟಿಗೆ. ಅದಕ್ಕೂ ಅನುಮಾನವಿದ್ದರೆ, ನನ್ನ ಐಪಿ ಏನು ಅಂತ ತೋರಿಸುವ ಯಾವುದಾದರೂ ವೆಬ್‌ಸೈಟಿನಲ್ಲಿ ನೋಡಿ ಹೋಲಿಸಿ. ಎರಡೂ ಬೇರೆ ಬೇರೆ ಬಂದರೆ ನಡುವೆ ಯಾರೋ ಇದ್ದಾರೆ.

ಇಬ್ಬರಲ್ಲಿ ಒಬ್ಬರ ಬಾಗಿಲು ತೆರೆದಿದ್ದರೂ ಸಾಕು. ಯಾರು ಯಾರನ್ನು ಹುಡುಕಿ ಬಂದರೂ ಒಮ್ಮೆ ಸಂಪರ್ಕ ಆದ ಮೇಲೆ ಫೈಲ್ ಎರಡೂ ಕಡೆ ಹೋಗುತ್ತದೆ. ನಮ್ಮ ಕೇಸಿನಲ್ಲಿ ಭಾವನ ಮನೆಯಲ್ಲೂ ಸಿಜಿನ್ಯಾಟ್. ಇಬ್ಬರೂ ಒಳಗಿನಿಂದ ಅಗಳಿ ಹಾಕಿಕೊಂಡು ಒಬ್ಬರನ್ನೊಬ್ಬರು ಕಾಯುತ್ತಿದ್ದೆವು.

ದಾರಿ ಎರಡಿದೆ. ಒಂದು ಐಪಿವಿ6, ಅಂದರೆ ಕೊರತೆಯಿಲ್ಲದ ಹೊಸ ಬಗೆಯ ಐಪಿ ವಿಳಾಸ. ಇಬ್ಬರ ನೆಟ್‌ನಲ್ಲೂ ಅದು ಇದ್ದರೆ ಸಿಜಿನ್ಯಾಟ್ ಗೊಡವೆಯೇ ಇಲ್ಲ. ರೂಟರಿನ ಐಪಿವಿ6 ಫೈರ್‌ವಾಲಿನಲ್ಲಿ ನಿಮ್ಮ ಟೊರೆಂಟ್ ಪೋರ್ಟಿಗೆ (ಟೊರೆಂಟ್ ಒಳಬರುವ, ನಂಬರ್ ಇರುವ ಬಾಗಿಲಿಗೆ) ಅನುಮತಿ ಕೊಟ್ಟರಾಯಿತು. ದುಡ್ಡು ಖರ್ಚಿಲ್ಲ, ಮೊದಲು ಇದನ್ನೇ ನೋಡಿ. ನನಗೆ ಆ ಭಾಗ್ಯ ಇರಲಿಲ್ಲ, ಆ ಕಡೆ ಐಪಿವಿ6 ಇರಲಿಲ್ಲ. ಇನ್ನೊಂದು ದಾರಿ, ನೆಟ್ ಕೊಡುವವರಿಗೆ ಫೋನ್ ಮಾಡಿ ಪಬ್ಲಿಕ್ ಐಪಿ ಕೇಳುವುದು. ‘ನೆಟ್ ಸ್ಲೋ’ ಅಂದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ‘ನನಗೆ ಸಿಜಿನ್ಯಾಟ್ ಬೇಡ, ಸ್ಟಾಟಿಕ್ (ಬದಲಾಗದ) ಪಬ್ಲಿಕ್ ಐಪಿ ಕೊಡಿ’ ಅಂತ ಸ್ಪಷ್ಟವಾಗಿ ಹೇಳಿ. ತಿಂಗಳಿಗೆ ಸ್ವಲ್ಪ ಜಾಸ್ತಿ ಕೇಳಬಹುದು. ನಾನು ಕೊಟ್ಟೆ.

ಐಪಿ ಸಿಕ್ಕಿದ ಮೇಲೆ ಪೋರ್ಟ್ ಫಾರ್ವರ್ಡ್ ಮಾಡಬೇಕು, ಅಂದರೆ ಆ ಬಾಗಿಲಿಗೆ ಬಂದವರನ್ನು ರೂಟರ್ ನಿಮ್ಮ ಕಂಪ್ಯೂಟರಿಗೆ ಕಳಿಸುವ ಹಾಗೆ ಮಾಡಬೇಕು. ಕ್ಯೂಬಿಟ್‌ಟೊರೆಂಟಿನ ಕನೆಕ್ಷನ್ ಸೆಟ್ಟಿಂಗ್‌ನಲ್ಲಿ 49152ಕ್ಕಿಂತ ಮೇಲಿನ ಒಂದು ಪೋರ್ಟ್ ನಂಬರ್ ಹಾಕಿ. ಹಳೇ 6881 ಬೇಡ, ಕೆಲವು ಕಡೆ ಅದನ್ನು ತಡೆಯುತ್ತಾರೆ. ಪ್ರತಿ ಸಲ ಬೇರೆ ಪೋರ್ಟ್ ಆರಿಸುವ ಟಿಕ್ ಇದ್ದರೆ ತೆಗೆಯಿರಿ. ರೂಟರಿನಲ್ಲಿ ಅದೇ ನಂಬರನ್ನು ಟಿಸಿಪಿ, ಯುಡಿಪಿ ಅನ್ನುವ ಎರಡು ಬಗೆಯ ಸಂಪರ್ಕಕ್ಕೂ ನಿಮ್ಮ ಕಂಪ್ಯೂಟರಿನ ಐಪಿಗೆ ತಿರುಗಿಸಿ. ವಿಂಡೋಸ್ ಫೈರ್‌ವಾಲಿನಲ್ಲೂ ಅನುಮತಿ ಕೊಡಿ.

ಇಲ್ಲಿ ಒಂದು ವಿಷಯ ನನ್ನ ಅರ್ಧ ದಿನ ತಿಂದಿತು. ಹಸಿರಾಗಿದ್ದ ಗುರುತು ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಹಳದಿ. ರೂಟರಿನಲ್ಲಿ ಪೋರ್ಟನ್ನು 192.168.1.7ಕ್ಕೆ ತಿರುಗಿಸಿದ್ದೆ. ಕರೆಂಟ್ ಬಂದ ಮೇಲೆ ಆ 7 ಅಕ್ಕನ ಮಗಳ ಫೋನಿಗೆ ಹೋಗಿತ್ತು, ನನ್ನ ಕಂಪ್ಯೂಟರಿಗೆ 9 ಸಿಕ್ಕಿತ್ತು. ರೂಟರಿನ ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ಐಪಿ ಹಂಚುವ) ಪೇಜಿನಲ್ಲಿ ನಿಮ್ಮ ಕಂಪ್ಯೂಟರಿಗೆ ಒಂದು ಐಪಿ ಕಾಯಂ ಮಾಡಿಬಿಡಿ. ಮಳೆಗಾಲದ ಊರಿನವರು ಇದನ್ನು ತಪ್ಪಿಸಲೇಬಾರದು.

ಈಗ ಭಾವನ ಐಪಿಯ ಮುಂದೆ ದೊಡ್ಡ ಯು ಬಂತು. ಸ್ಪೀಡ್ ಮಾತ್ರ ಸೆಕೆಂಡಿಗೆ 10 ಕೆಬಿ. ಆ ಲೆಕ್ಕದಲ್ಲಿ 38 ಜಿಬಿ ಹೋಗಲು 44 ದಿನ ಬೇಕು. ಸರಿಯಾಗಿ ಹತ್ತಕ್ಕೇ ನಿಂತಿದ್ದು ನೋಡಿ ಹೊಳೆಯಿತು. ಹೀಗೆ ದುಂಡು ಅಂಕಿಗೆ ಅಂಟಿಕೊಂಡು ನಿಂತರೆ ಅದು ನೆಟ್ ದೋಷ ಅಲ್ಲ, ಎಲ್ಲೋ ಮಿತಿ ಹಾಕಿದೆ ಅಂತಲೇ ಅರ್ಥ. ಕೆಳಗಿನ ಸಾಲಿನಲ್ಲೇ ಸ್ಪೀಡ್ ಮೀಟರಿನಂಥ ಒಂದು ಗುರುತಿದೆ. ಅದನ್ನು ಒತ್ತಿದರೆ ಬದಲಿ ಮಿತಿ ಜಾರಿಗೆ ಬರುತ್ತದೆ, ನಾವು ಬದಲಿಸದಿದ್ದರೆ ಅದು 10 ಕೆಬಿಯೇ. ಯಾವಾಗಲೋ ಕೈ ತಾಗಿ ಅದು ಆನ್ ಆಗಿತ್ತು. ಒಂದೇ ಒಂದು ಕ್ಲಿಕ್, ಸ್ಪೀಡ್ 2 ಎಂಬಿ ದಾಟಿತು.

ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ನಮ್ಮದು ಹಳೇ ಮನೆ, ದಪ್ಪ ಮಣ್ಣಿನ ಗೋಡೆ. ರೂಟರ್ ಜಗಲಿಯಲ್ಲಿ, ಕಂಪ್ಯೂಟರ್ ಒಳಗಿನ ಕೋಣೆಯಲ್ಲಿ. ವೈಫೈ ಬಿಟ್ಟು ಹದಿನೈದು ಮೀಟರ್ ಲ್ಯಾನ್ ಕೇಬಲ್ ಎಳೆದೆ. ಸ್ಪೀಡ್ 5 ಎಂಬಿ ಹತ್ತಿರ ಬಂತು.

ಖುಷಿಯಾಗಿ ಮಿತಿಯನ್ನೆಲ್ಲ ತೆಗೆದುಬಿಡಬೇಡಿ. ಅಪ್‌ಲೋಡ್ ದಾರಿ ಪೂರ್ತಿ ತುಂಬಿದರೆ ಮನೆಯ ಉಳಿದ ನೆಟ್ ಎಲ್ಲ ಏದುಸಿರು ಬಿಡುತ್ತದೆ. ನೀವು ಡೌನ್‌ಲೋಡ್ ಮಾಡುವಾಗಲೂ ‘ಬಂತು, ಮುಂದಿನದು ಕಳಿಸಿ’ ಅನ್ನುವ ಸಣ್ಣ ಉತ್ತರಗಳು ಅದೇ ದಾರಿಯಲ್ಲಿ ಹೋಗಬೇಕಲ್ವಾ? ನಿಜವಾಗಿ ಸಿಗುವುದರ ನೂರಕ್ಕೆ ಎಂಬತ್ತು ಭಾಗ ಇಟ್ಟುಕೊಳ್ಳಿ. ನನ್ನ 5 ಎಂಬಿಗೆ ಮಿತಿ 4000 ಕೆಬಿ ಹಾಕಿದ್ದೇನೆ. 38 ಜಿಬಿ ಎರಡು ಮುಕ್ಕಾಲು ಗಂಟೆಯೊಳಗೆ ಹೋಗುತ್ತದೆ.

ಏಕಕಾಲಕ್ಕೆ ಹತ್ತಿಪ್ಪತ್ತು ಟೊರೆಂಟ್ ಬಿಟ್ಟವರು ಅಪ್‌ಲೋಡ್ ಸ್ಲಾಟ್ (ಒಮ್ಮೆಗೆ ಎಷ್ಟು ಜನರಿಗೆ ಕಳಿಸುವುದು) ಕೂಡ ನೋಡಿ. ಒಟ್ಟು 20, ಒಂದು ಟೊರೆಂಟಿಗೆ 4 ಅಂತ ಇರುತ್ತದೆ. ಸುಮ್ನೆ ನೂರು ಮಾಡಿದರೆ ಎಲ್ಲರಿಗೂ ಚೂರು ಚೂರು ಸಿಗುತ್ತದೆ, ಯಾರದ್ದೂ ಬೇಗ ಮುಗಿಯುವುದಿಲ್ಲ. ಟೊರೆಂಟ್ ಮಾಡುವಾಗ ಪ್ರೈವೇಟ್ ಅಂತ ಟಿಕ್ ಹಾಕಿ ಟ್ರ್ಯಾಕರ್ (ಕೊಡುವವರನ್ನೂ ಪಡೆಯುವವರನ್ನೂ ಒಬ್ಬರಿಗೊಬ್ಬರು ತೋರಿಸುವ ಸರ್ವರ್) ಕೊಡದಿದ್ದರೆ ನಿಮ್ಮನ್ನು ಯಾರೂ ತಾವಾಗಿ ಕಂಡುಹಿಡಿಯಲಾರರು, ಅದನ್ನೂ ಗಮನಿಸಿ.

ಈಗ ಆಟ ಪಡೆಯುವವರು ಐದು ಜನ ಇದ್ದಾರೆ. ಹೊಸ ಫೈಲ್ ಹಾಕಿದ ದಿನ ಸೂಪರ್ ಸೀಡಿಂಗ್ ಆನ್ ಮಾಡುತ್ತೇನೆ. ಆಗ ಒಂದೊಂದು ತುಂಡು ಒಬ್ಬೊಬ್ಬರಿಗೆ ಹೋಗಿ ಅವರೇ ತಮ್ಮಲ್ಲಿ ಹಂಚಿಕೊಳ್ಳುತ್ತಾರೆ. ಪಡೆಯುವವರು ಒಬ್ಬರೇ ಇದ್ದರೆ ಅದು ಬೇಡ, ನಿಧಾನವೇ ಆಗುತ್ತದೆ.

ಪೂರ್ತಿ ಪಡೆದವರು ಪೀರ್ಸ್ ಪಟ್ಟಿಯಿಂದ ಮಾಯವಾಗುತ್ತಾರೆ. ಗಾಬರಿಯಾಗಬೇಡಿ, ಇಬ್ಬರ ಹತ್ತಿರವೂ ಪೂರ್ತಿ ಇದ್ದ ಮೇಲೆ ಕೊಡುವುದು ಏನೂ ಉಳಿಯುವುದಿಲ್ಲ. ಕನಿಷ್ಠ ಇಬ್ಬರು ‘ಬಂತು, ಚೆಂಡೆ ಸ್ಪಷ್ಟ ಕೇಳುತ್ತದೆ’ ಅಂತ ವಾಟ್ಸಾಪಿನಲ್ಲಿ ಹೇಳುವ ತನಕ ನಾನು ಕಂಪ್ಯೂಟರ್ ಆಫ್ ಮಾಡುವುದಿಲ್ಲ.